ಅಧ್ಯಕ್ಷರು ಉತ್ತುಹಾಕಿದ ಬೆರಕೆ ಸೊಪ್ಪು

ಸುಳ್ಳು ಯಾಕೆ ಹೇಳಲಿ, ಆ ಪ್ರಶಸ್ತಿ ನನಗೆ ಬೇಕೇ ಬೇಕಿತ್ತು. ಪರಿಸರ ಪಾಠ ಚೆನ್ನಾಗಿ ಮಾಡುವ ಶಿಕ್ಷಕರಿಗೆ ತಾಲ್ಲೂಕಿನಲ್ಲಿ ಕೊಡುವ ಪ್ರಶಸ್ತಿ ಅದು. ಬೂಕನಕೆರೆಯಿಂದಾಚೆ ಒಂದು ಸಣ್ಣ ಹಳ್ಳಿಯ ಶಾಲೆ ನಮ್ಮದು. ಅದರ ಹಿತ್ತಲಲ್ಲಿ ಅಣ್ಣೆ, ಗಣಿಕೆ, ಹೊನಗೊನ್ನೆ, ಕನ್ನೆ ಸೊಪ್ಪುಗಳೆಲ್ಲ ತಾವಾಗಿಯೇ ಬೆಳೆದಿದ್ದವು. ಮಕ್ಕಳು ಅವುಗಳ ಎಲೆ, ಹೂ, ಬಂದು ಕೂರುವ ಚಿಟ್ಟೆ ನೋಡಿ ಬರೆದಿಡುತ್ತಿದ್ದರು. ಶುಕ್ರವಾರ ಬಿಸಿಯೂಟಕ್ಕೆ ಅದೇ ಬೆರಕೆ ಸೊಪ್ಪಿನ ಸಾರು. ಶ್ರೀರಂಗಪಟ್ಟಣದ ಪೇಟೆಯಲ್ಲಿ ಬೆಳೆದ ನನಗೆ ದಂಟು, ಮೆಂತ್ಯ ಬಿಟ್ಟರೆ ಮೂರನೆಯ ಸೊಪ್ಪು ಗೊತ್ತಿರಲಿಲ್ಲ. ಕಲಿಸಿದ್ದು ಆ ಮಕ್ಕಳೇ.

ಆಯ್ಕೆ ಸಮಿತಿಯವರು ಬರುವ ದಿನ ಬೆಳಿಗ್ಗೆ ಬಸ್ಸಿಳಿದು ನೇರ ಹಿತ್ತಲಿಗೆ ಹೋದೆ. ಒಂದೆಲೆಯೂ ಇಲ್ಲ! ಶಾಲೆಯ ಎಸ್‌ಡಿಎಂಸಿ, ಅಂದರೆ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಹಿಂದಿನ ಸಂಜೆ ತಮ್ಮ ಟ್ರಾಕ್ಟರು ತಂದು ಉತ್ತು, ನೆಲ ಸಮ ಮಾಡಿ, ನರ್ಸರಿಯ ಕ್ರೋಟನ್ ಕುಂಡಗಳನ್ನು ಸಾಲಾಗಿ ಇಟ್ಟಿದ್ದರು. ಮೇಲೆ ರಂಗೋಲಿ ಬೇರೆ.

"ಎಂಗದೆ ಮೇಡಂ? ಆಫೀಸರು ಬತ್ತಾವ್ರೆ, ಕಳೆ ಕಂಡ್ರೆ ಊರ ಮರ್ವಾದಿ ಏನಾಗ್ಬೇಕು? ಎಲ್ಲಾ ಕ್ಲೀನ್ ಮಾಡ್ಬುಟ್ಟೆ" ಎಂದು ಅಧ್ಯಕ್ಷರು ಬೀಗಿದರು. ಬೀಗರು ಬರುತ್ತಾರೆಂದು ಅಂಗಳ ಸಾರಿಸಿದವರ ಉತ್ಸಾಹ.

"ಅಯ್ಯೋ ದೇವರೇ! ನನ್ನ ಪಾಠವನ್ನೇ ಉತ್ತುಹಾಕಿದ್ರಲ್ಲ ಅಧ್ಯಕ್ಷರೇ!" ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಪಾಪ, ಅವರ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಆಯ್ಕೆ ಸಮಿತಿಯ ಹಿರಿಯರೊಬ್ಬರು ಇಳಿದು, "ಎಲ್ಲಿದೆಯಮ್ಮ ನಿಮ್ಮ ಸೊಪ್ಪಿನ ತೋಟ?" ಅಂದರು. ನಾನು ಕ್ರೋಟನ್ ಕುಂಡಗಳತ್ತ ಕೈ ತೋರಿಸಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಮುಂದೆ ಬಂದು, "ಅಧ್ಯಕ್ಷರು ಉತ್ಬುಟ್ರು ಸಾ. ಬನ್ನಿ, ಗದ್ದೆ ಬದಿನ್ ಮ್ಯಾಲೆ ಬೇಕಾದಷ್ಟವೆ" ಎಂದಳು.

ಎಲ್ಲರೂ ಹೊರಟೆವು. ಬದುವಿನ ಮೇಲೆ ಮಕ್ಕಳು ಒಂದೊಂದೇ ಸೊಪ್ಪಿನ ಹೆಸರು ಹೇಳುತ್ತ ಹೋದರು. ನೆಲಕ್ಕಂಟಿದ್ದ ಸಣ್ಣೆಲೆಯ ಗಿಡವೊಂದನ್ನು ಹಿರಿಯರು ತೋರಿಸಿದಾಗ ಮಾತ್ರ ಒಬ್ಬರಿಗೂ ಹೆಸರು ಹೊಳೆಯಲಿಲ್ಲ. ನನಗೂ ಗೊತ್ತಿಲ್ಲ. ಮುಗೀತು, ಪ್ರಶಸ್ತಿ ಕೈತಪ್ಪಿತು ಅಂದುಕೊಂಡೆ.

"ಗೋಣಿ ಸೊಪ್ಪು ಕಣ್ರಪ್ಪ" ಎಂದು ಹಿಂದಿನಿಂದ ಅಧ್ಯಕ್ಷರ ದನಿ ಕೇಳಿಸಿತು. "ಕಾಳಾಕಿ ಬಸ್ಸಾರು ಮಾಡಿದ್ರೆ ಒಂದ್ ಮುದ್ದೆ ಜಾಸ್ತೀನೇ ಒಳಕ್ಕೋಯ್ತದೆ."

"ನಿಮಗೆ ಯಾರು ಕಲಿಸಿದ್ದು?" ಹಿರಿಯರು ಕೇಳಿದರು.

"ನಮ್ಮವ್ವ, ಸಾ. ಬಡತನ. ಇದ್ನೇ ತಿನ್ಕೊಂಡ್ ಬೆಳ್ದೋನು ನಾನು. ದೊಡ್ಡೋರ್ ಮುಂದೆ ಇದೆಲ್ಲ ಕಾಣ್ಬಾರ್ದು ಅಂತ ನಾಚ್ಕೆ ಆಯ್ತು, ಅದ್ಕೇ ಉತ್ಬುಟ್ಟೆ."

ಬೆಳಿಗ್ಗೆ ಬೈದದ್ದು ನೆನೆದು ಈಗ ನಾಚಿಕೆಪಡುವ ಸರದಿ ನನ್ನದಾಯಿತು.

ಪ್ರಶಸ್ತಿ ಬಂತು. ಹಿಗ್ಗದೆ ಇರಲಾಗುತ್ತದೆಯೇ? ಕೆ.ಆರ್. ಪೇಟೆಯ ವೇದಿಕೆಯಲ್ಲಿ ಹೊದಿಸಿದ ಶಾಲು ತೆಗೆದುಕೊಂಡು ಮರುದಿನವೇ ಅಧ್ಯಕ್ಷರ ಮನೆಗೆ ಹೋದೆ, ಜಗಲಿಯ ಮೇಲೆ ಕೂತಿದ್ದ ಅವರ ತಾಯಿಗೆ ಹೊದಿಸಿದೆ. ಅಜ್ಜಿ ಶಾಲಿನ ಅಂಚು ಸವರಿ, ಬೊಚ್ಚುಬಾಯಿ ಬಿಟ್ಟು ನಕ್ಕರು.

"ಅಲ್ಲ ಕಣವ್ವ, ಸೊಪ್ಪು ಕಿತ್ತಿದ್ಕೂ ಶಾಲು ಹೊದಿಸ್ತಾರಾ?"

ಮಗ ಅವರ ಪಕ್ಕದಲ್ಲಿ ಕೂತು, ಬೀದಿಗೆಲ್ಲ ಕೇಳುವಂತೆ ಹೇಳಿದರು: "ಹೊದಿಸ್ತಾರೆ ಕಣವ್ವ, ಹೊದಿಸ್ತಾರೆ."