ಹಸು ಕೊಟ್ಟರೂ ಹಗ್ಗ ಕೊಡಬಾರದು

ಕಳೆದ ವಾರ ನಾನು ಕೊಯಮತ್ತೂರಿನಿಂದ ಕುನ್ನತ್ತೂರಿಗೆ ಬಸ್ ಹತ್ತಿದ್ದು ಒಂದು ಹಳೇ ಹಗ್ಗ ತರುವುದಕ್ಕೆ. ನಗಬೇಡಿ. ನಮ್ಮ ಮನೆಯವರೂ ನಕ್ಕರು. ಆಮೇಲೆ ಅವರೇ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದರು.

ಎಲ್ಲ ಶುರುವಾದದ್ದು ಎಂಟನೇ ಕ್ಲಾಸಿನ ಮಗಳು ಸುಧಾಳ ಹೋಂವರ್ಕಿನಿಂದ. ‘ಗಿವ್ ಅವೇ’ ಎಂಬ ಕ್ರಿಯಾಪದಕ್ಕೆ ಸೋಮವಾರದೊಳಗೆ ಒಂದು ವಾಕ್ಯ ಬರೆಯಬೇಕಿತ್ತು. ಗಿವ್ ಅಂದರೆ ಕೊಡು, ಸರಿ. ಈ ‘ಅವೇ’ ಯಾಕಮ್ಮ ಅಂತ ಕೇಳಿದಳು. ಕೊಟ್ಟ ಮೇಲೆ ಅದು ನಮ್ಮದಲ್ಲ, ದೂರ ಹೋಯಿತು, ಅದಕ್ಕೇ ಕಣೇ ಅಂದೆ. ಉದಾಹರಣೆ ಹಿತ್ತಲಲ್ಲೇ ಮೆಲುಕು ಹಾಕುತ್ತಿತ್ತು. ನಮ್ಮ ಗೌರಿಯನ್ನು ಮರುದಿನ ಕೊಡುವುದಿತ್ತು.

ಅತ್ತೆಗೆ ಮಂಡಿನೋವು, ನನಗೆ ಆಫೀಸು. ಹುಲ್ಲು ಹಾಕುವವರು ಯಾರು? (ಮನೆಗೆ ಟಿ.ವಿ. ಬಂದ ವರ್ಷವೇ ಹಸು ಹೋಗಬೇಕೇ ಅಂತ ಅತ್ತೆ ಒಮ್ಮೆ ಗೊಣಗಿದ್ದರು.) ಕುನ್ನತ್ತೂರಿನಲ್ಲಿ ಬೇಸಾಯ ಮಾಡುವ ನಮ್ಮ ನೆಂಟ ರಾಮಣ್ಣ, ನಾನು ಸಾಕುತ್ತೇನೆ ಅಂದರು. ವ್ಯಾನ್ ತಂದರು, ಗೌರಿಯನ್ನು ಹತ್ತಿಸಿದರು. ಏನೋ ಹೇಳಲು ಬಾಯಿ ತೆರೆದರು. ಆಫೀಸಿಗೆ ಲೇಟಾಗುತ್ತಿತ್ತು ನೋಡಿ, ನಾನು ಹಗ್ಗವನ್ನೂ ಅವರ ಕೈಗೆ ತುರುಕಿ ಟಾಟಾ ಮಾಡಿದೆ.

ಗೌರಿ ಹೋಗುವುದನ್ನು ನೋಡಲಾರೆನೆಂದು ಅತ್ತೆ ಒಳಗೇ ಕೂತಿದ್ದರು. ಸಂಜೆ ಹಿತ್ತಲಿಗೆ ಹೋಗಿ ಖಾಲಿ ಗೂಟ ನೋಡಿದರು.

“ಕಯಿರೂ ಕೊಟ್ಬುಟ್ಟಿಯಾ ಕಣ್ಣು?”

ಹಗ್ಗಕ್ಕೆ ನಮ್ಮ ಮನೆಯಲ್ಲಿ ತಮಿಳಿನ ಕಯಿರೇ, ಮುದ್ದಿನಿಂದ ಕರೆಯುವುದೂ ತಮಿಳಿನವರ ಹಾಗೆ ‘ಕಣ್ಣು’ ಅಂತಲೇ. ನಮ್ಮ ಬೇಸಾಯದ ಮನೆಗಳಲ್ಲಿ ಹಸು ಕೊಟ್ಟರೂ ಹಗ್ಗ ಕೊಡುವುದಿಲ್ಲ. ಒಯ್ಯುವವರು ತಮ್ಮ ಹಗ್ಗ ತರಬೇಕು. ಇಲ್ಲದಿದ್ದರೆ ಹಸುವಿನ ಹಿಂದೆಯೇ ಮನೆಯ ಲಕ್ಷ್ಮಿಯೂ ನಡೆದುಬಿಡುತ್ತಾಳೆ. ಅದೂ ಇದು ಎಂಥ ಹಗ್ಗ! ಅತ್ತೆ ಮದುವೆಯಾಗಿ ಬಂದ ವರ್ಷ ಅವರ ತವರು ಉಡುಮಲೈಪೇಟೆಯಿಂದ ಗೌರಿಯ ಅಜ್ಜಿ ಬಂದಳಂತೆ. ತವರಿನವರು ತಮ್ಮ ಹಗ್ಗ ಇಟ್ಟುಕೊಂಡರು. ಅತ್ತೆ ತವರಿನ ತೋಟದ ತೆಂಗಿನ ನಾರಿನಲ್ಲೇ ಬೇರೆ ಹಗ್ಗ ಹೊಸೆದರು. ಸವೆದಲ್ಲೆಲ್ಲ ಹೊಸ ನಾರು ಸೇರಿಸುತ್ತಾ ಇಷ್ಟು ವರ್ಷ ಕಾಪಾಡಿದ್ದರು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಎರಡು ದಿನ ತಟ್ಟೆಯ ಮುಂದೆ ಕೂತು, ಒಂದು ತುತ್ತೂ ಮುಟ್ಟದೆ ಎದ್ದರು. ಮೂರನೇ ದಿನ ನಾನು ಕುನ್ನತ್ತೂರಿಗೆ ಹೊರಟೆ.

ನನ್ನನ್ನು ಕಂಡು ರಾಮಣ್ಣನಿಗೆ ಆಶ್ಚರ್ಯವೇನೂ ಆಗಲಿಲ್ಲ. ಗೌರಿಯ ಕೊರಳಲ್ಲಿ ಅವರದೇ ಹೊಸ ಹಗ್ಗವಿತ್ತು.

“ನಿಮ್ಮ ಕಯಿರು ಎತ್ತಿ ಇಟ್ಟಿವ್ನಿ ತಂಗಚ್ಚಿ. ಅದ್ರಲ್ಲಿ ಕಟ್ಟಕ್ಕೆ ಮನಸು ಬರ್ಲಿಲ್ಲ.”

ವಾಪಸ್ ಬರುವಾಗ ಕಿಟಕಿ ಸೀಟು ಸಿಕ್ಕಿತು. ಮಡಿಲಲ್ಲಿ ಹಗ್ಗ. ಅದರಲ್ಲಿ ಹುಲ್ಲು, ಹಾಲು, ಗೌರಿಯ ಮೈಯ ವಾಸನೆ. ಹೊರಗೆ ಬಿಸಿಲು, ಹತ್ತಿ ಹೊಲ, ಮತ್ತೆ ಬಿಸಿಲು. ಕಣ್ಣು ಎಳೆಯುತ್ತಿತ್ತು. ಆ ಮಂಪರಿನಲ್ಲಿ ಹಗ್ಗ ಉದ್ದವಾಗುತ್ತಾ ಬಸ್ಸಿನಿಂದಾಚೆ ಹೋಯಿತು, ಹೊಲಗಳನ್ನು ದಾಟಿ ಉಡುಮಲೈಪೇಟೆವರೆಗೂ. ಅಲ್ಲಿಂದ ಹುಡುಗಿಯೊಬ್ಬಳು ಹಸುವಿನ ಪಕ್ಕದಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದಳು, ಅತ್ತೆಯದೇ ಮುಖ. ಅವಳನ್ನೂ ಕೊಟ್ಟೇ ಕಳಿಸಿದ್ದರಲ್ಲವೇ? ಹಸುವಿನ ಹಗ್ಗ ಇಟ್ಟುಕೊಂಡವರು, ಇವಳದೇನು ಇಟ್ಟುಕೊಂಡರೋ! ಕಂಡಕ್ಟರ್ ಶೀಟಿ ಊದಿದಾಗ ನನ್ನ ಮುಷ್ಟಿ ಹಗ್ಗವನ್ನು ಬಿಗಿಯಾಗಿ ಹಿಡಿದಿತ್ತು.

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಗೂಟಕ್ಕೆ ಹಾಕಿದರು.

“ಈಗ ಕೊಟ್ಟಂಗಾಯ್ತು,” ಅಂದರು. ಆಮೇಲೆ, ಅನ್ನ ಹಾಕು ಅಂದರು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ?

ಇದನ್ನೆಲ್ಲ ನೋಡಿದ ಸುಧಾ ತನ್ನ ವಾಕ್ಯ ಬರೆದಳು. ನಾವು ನಮ್ಮ ಹಸುವನ್ನು ‘ಗಿವ್ ಅವೇ’ ಮಾಡಿದೆವು, ಆದರೆ ಹಗ್ಗವನ್ನು ಇಟ್ಟುಕೊಂಡೆವು ಅಂತ, ಚೆಂದದ ಇಂಗ್ಲಿಷಿನಲ್ಲಿ. ನಿನ್ನೆ ನೋಟ್‌ಬುಕ್ ವಾಪಸ್ ಬಂತು. ಹಸುವಿಗೆ ಟಿಕ್ ಬಿದ್ದಿದೆ. ಹಗ್ಗದ ಮೇಲೆ ಕೆಂಪು ಗೆರೆ ಎಳೆದು, ಇದು ಅನಗತ್ಯ ಅಂತ ಟೀಚರ್ ಬರೆದಿದ್ದಾರೆ.

ಟೀಚರ್, ಹಗ್ಗ ಇಟ್ಟುಕೊಳ್ಳದೆ ಏನನ್ನಾದರೂ ಕೊಟ್ಟು ನೋಡಿದ್ದೀರಾ?