ಯಂತ್ರಕ್ಕೆ ಹಚ್ಚಿದ ವಿಭೂತಿ

ಚಾಮರಾಜಪುರಂನಲ್ಲಿ ವಿಭೂತಿ, ಊದುಬತ್ತಿ ಮಾರುತ್ತಿದ್ದವರ ಮಗ ಷಡಕ್ಷರಿ. ಅಪ್ಪನ ಅಂಗಡಿಯ ಮೂಲೆಯಲ್ಲೇ ಒಂದು ಸ್ಟೂಲು ಹಾಕಿಕೊಂಡು ಮೊಬೈಲ್ ರಿಪೇರಿ ಶುರುಮಾಡಿದರು. ಆಮೇಲೆ ಫೋನುಗಳ ಏಜೆಂಟರಾಗಿ ಜಿಲ್ಲೆಗೆಲ್ಲ ಮಾಲು ಹಂಚಿದರು. ಹೊರಗಿನ ಸಾಹುಕಾರರು ಹಿನಕಲ್ ಆಚೆ ಫೋನ್ ಜೋಡಿಸುವ ಕಾರ್ಖಾನೆ ತೆರೆದಾಗ, ಊರು ಬಲ್ಲ ಮನುಷ್ಯ ಬೇಕೆಂದು ಇವರನ್ನೇ ಸಿ.ಇ.ಓ. ಕುರ್ಚಿಯಲ್ಲಿ ಕೂರಿಸಿದರು. ಯಾದವಗಿರಿಯಲ್ಲಿ ಮನೆಯಾಯಿತು. ಆದರೂ ಕಾರ್ಖಾನೆಯ ಹೆಂಗಸರನ್ನು ಹೆಸರು ಹಿಡಿದೇ ಮಾತಾಡಿಸುತ್ತಿದ್ದರು, ಅವರ ಮನೆಯ ಮದುವೆಗಳಿಗೆ ಹೋಗಿ ಉಂಡು ಬರುತ್ತಿದ್ದರು.

ಆ ವರ್ಷದ ಆಯುಧಪೂಜೆಯಲ್ಲಿ ಎಲ್ಲ ಯಂತ್ರಗಳಿಗೂ ಅವರೇ ಕೈಯಾರೆ ವಿಭೂತಿ ಹಚ್ಚಿದರು. ಬ್ಯಾಟರಿ ಪರೀಕ್ಷೆ ಮಾಡುವ ಯಂತ್ರದ ಮುಂದುಗಡೆ ಒಂದು ಗಾಜಿನ ಕಣ್ಣಿತ್ತು. ಉಬ್ಬಿದ ಬ್ಯಾಟರಿ ಬಂದರೆ ಅದು ಕಂಡುಹಿಡಿದು ಆಚೆ ತಳ್ಳುತ್ತಿತ್ತು. ಷಡಕ್ಷರಿಯವರ ಮೂರು ಬೆರಳು ಆ ಕಣ್ಣಿನ ಮೇಲೂ ಪಟ್ಟೆ ಎಳೆದವು.

ದೀಪಾವಳಿ ಮಾಲಿನ ಅವಸರವೆಂದು ಹಬ್ಬದ ದಿನವೇ ಮಧ್ಯಾಹ್ನ ಕೆಲಸ ಶುರುವಾಯಿತು. ಯಂತ್ರ ಒಳ್ಳೆಯ ಬ್ಯಾಟರಿಗಳನ್ನೂ ಆಚೆ ತಳ್ಳತೊಡಗಿತು. ಮಗಳೊಡನೆ ಕಾರ್ಖಾನೆಗೆ ಕೆಲಸಕ್ಕೆ ಬರುತ್ತಿದ್ದ ಮಾದೇವಮ್ಮ ಆ ಯಂತ್ರದ ಮುಂದೆ ಕೂರುತ್ತಿದ್ದಳು. ಅವಳು ಒದ್ದೆ ಬಟ್ಟೆ ಹಿಡಿದು ಬಂದಳು.

"ಸಾ, ಕಣ್ಣೊರೆಸ್ಬುಡ್ಲಾ?"

"ಪೂಜೆ ವಿಭೂತೀನ ಇವತ್ತೇ ಒರೆಸ್ತಾರೇನಮ್ಮ? ವಿಜಯದಶಮಿ ಕಳೀಲಿ. ಕಣ್ಣು ಆಫ್ ಮಾಡ್ಬುಟ್ಟು ಕೈಯಲ್ಲೇ ನೋಡಿ ಕಳ್ಸು."

"ಕೈಗೆ ಎಂಗೆ ಗೊತ್ತಾಯ್ತದೆ ಸಾ? ನಾನೇನು ಹಪ್ಪಳ ಆರಿಸ್ತಿದ್ದೀನಾ?"

ಸುತ್ತ ಇದ್ದವರು ನಕ್ಕರು. ಷಡಕ್ಷರಿಯೂ ನಕ್ಕು ಹೊರಟುಹೋದರು. ಅವತ್ತಿನ ಬ್ಯಾಟರಿಗಳೆಲ್ಲ ಹಾಗೆಯೇ ಫೋನುಗಳೊಳಗೆ ಸೇರಿದವು.

ದೀಪಾವಳಿ ಕಳೆದ ಮೇಲೆ ನಂಜನಗೂಡಿನಲ್ಲಿ ಹೆಣ್ಣುಮಗಳೊಬ್ಬಳು ಕಿವಿಗೆ ಹಿಡಿದಿದ್ದ ಫೋನು ಹೊತ್ತಿಕೊಂಡು ಅವಳ ಅರ್ಧ ಮುಖ ಸುಟ್ಟುಹೋಯಿತು. ಅದು ಆಯುಧಪೂಜೆಯ ದಿನ ಇದೇ ಕಾರ್ಖಾನೆಯಲ್ಲಿ ಜೋಡಿಸಿದ ಫೋನು. ಸಾಹುಕಾರರು ಓಡಿ ಬಂದರು. "ಬ್ಯಾಟರಿ ನೋಡ್ತಿದ್ದವಳ ನಿರ್ಲಕ್ಷ್ಯ ಅಂತ ಹೇಳಿ ಅವಳನ್ನ ಕೆಲಸದಿಂದ ತೆಗೀರಿ. ಮಿಕ್ಕಿದ್ದು ನಾವು ನೋಡ್ಕೋತೀವಿ" ಎಂದರು.

ಆ ರಾತ್ರಿ ಊಟಕ್ಕೆ ಕೂತ ಷಡಕ್ಷರಿ ಅನ್ನ ಕಲಸಿದರೇ ಹೊರತು ತುತ್ತೆತ್ತಲಿಲ್ಲ. ಹೆಂಡತಿ ನೀಲಮ್ಮ ಬಿಡದೆ ಕೇಳಿದ ಮೇಲೆ ಎಲ್ಲ ಹೇಳಿದರು.

"ನಿಜ ಹೇಳಿದ್ರೆ ಕುರ್ಚಿ ಹೋಗುತ್ತೆ ಕಣೇ."

"ಹೇಳ್ದಿದ್ರೇನ್ರೀ?"

"ಮಾದೇವಮ್ಮ ಹೋಗ್ತಾಳೆ. ಅವತ್ತಿನ ಫೋನುಗಳು ಇನ್ನೂ ಎಷ್ಟು ಜನರ ಜೇಬಲ್ಲಿದ್ದಾವೋ!"

ನೀಲಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ಬೆಳಗ್ಗೆ ತನಿಖೆಗೆ ಬಂದ ಅಧಿಕಾರಿಗಳ ಮುಂದೆ ಷಡಕ್ಷರಿ ಒಂದನ್ನೂ ಮುಚ್ಚಿಡದೆ ಹೇಳಿದರು. ಮಾರಿದ ಫೋನುಗಳು ವಾಪಸ್ಸು ಬಂದವು. ಕುರ್ಚಿ ಹೋಯಿತು, ಅದು ಅವರಿಗೆ ಗೊತ್ತಿದ್ದದ್ದೇ. ಆದರೆ ಸಾಹುಕಾರರು ಕಾರ್ಖಾನೆಯನ್ನೇ ಮುಚ್ಚಿಬಿಡುತ್ತಾರೆಂದು ಅವರು ಎಣಿಸಿರಲಿಲ್ಲ. ಕೆಲಸದವರೆಲ್ಲ ಬೀದಿಗೆ ಬಿದ್ದರು.

ಮನಸ್ಸು ತಡೆಯದೆ ಒಂದು ದಿನ ಹಿನಕಲ್ಲಿನ ಮಾದೇವಮ್ಮನ ಮನೆಗೆ ಹೋದರು. ಅವಳು ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಿದ್ದಳು.

"ನಿನ್ನ ಮೇಲೆ ತಪ್ಪು ಬರೋಕೆ ನಾನು ಬಿಡ್ಲಿಲ್ಲ ಕಣಮ್ಮ" ಎಂದರು.

"ಗೊತ್ತಾಯ್ತು ಸಾ. ನನ್ನೊಬ್ಳುನ್ನ ತೆಗ್ದಿದ್ರೆ ನನ್ ಮಗಳ ಕೆಲ್ಸನಾದ್ರೂ ಉಳೀತಿತ್ತು. ನೀವು ಸುಳ್ಳು ಹೇಳ್ಬೇಕಿತ್ತು ಅಂತ ನಾನನ್ನಾಕಿಲ್ಲ. ನನ್ ಮಾತು ಕೇಳ್ಬೇಕಾಗಿದ್ದ ದಿನ ನಕ್ಬುಟ್ರಲ್ಲ, ಅದ್ಕೇನು ಮಾಡಾನ?"

ಒಳಗಿಂದ ಮಗಳು ಸೌಮ್ಯ ಬಂದು, ಷಡಕ್ಷರಿಯವರ ಮುಖ ನೋಡದೆ ಬಾಗಿಲಿಗೆ ಬೀಗ ಹಾಕಿದಳು. ತಾಯಿ ಮಗಳು ಯಾವುದೋ ಗಾರ್ಮೆಂಟ್ಸಿನಲ್ಲಿ ಕೆಲಸ ಕೇಳಲು ಹೊರಟಿದ್ದರು. ಅವರು ಹೋಗಲೆಂದು ಷಡಕ್ಷರಿ ಗೋಡೆಗೆ ಒತ್ತಿ ನಿಂತರು.