ಬರಮುಂಡಿ ಮೇಷ್ಟ್ರ ಮೊದಲ ಗಾಳ

ಗಾಳದ ಸಾಮಾನು ಮಾರುವ ಆ ಅಂಗಡಿಗೆ ಬರುವವರೆಲ್ಲ, ಅಲ್ಲಿ ಕೌಂಟರಿನ ಹಿಂದೆ ಕೆಲಸಕ್ಕಿದ್ದ ಅವರನ್ನು ಬರಮುಂಡಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬರಮುಂಡಿ ಎಂದರೆ ನದಿ ಕಡಲು ಸೇರುವ ಅಳಿವೆಯಲ್ಲಿ ಓಡಾಡುವ ಭಾರಿ ಮೀನು. ಕೊಕ್ಕೆ ಚುಚ್ಚಿದ ಕೂಡಲೇ ನೀರಿನಿಂದ ಮೇಲಕ್ಕೆ ಹಾರಿ, ತಲೆ ಕೊಡವಿ, ಕಿವಿರಿನ ಅಂಚಿನಿಂದಲೇ ದಾರ ಕತ್ತರಿಸಿಕೊಂಡು ಹೋಗುವ ಜಾತಿ. ಅದಕ್ಕೆ ಯಾವ ಕೋಲು, ಯಾವ ರೀಲು, ಕೊಕ್ಕೆಯ ಹತ್ತಿರ ಎಷ್ಟು ದಪ್ಪದ ದಾರ ಎಂದು ಕೇಳಿದರೆ ಮೇಷ್ಟ್ರು ಕಪಾಟಿನ ಕಡೆ ತಿರುಗುತ್ತಲೇ ಇರಲಿಲ್ಲ.

“ಕೈ ಕೊಡಿ ನೋಡೋಣ” ಎನ್ನುತ್ತಿದ್ದರು.

ಗಿರಾಕಿಯ ಕೈ ಕುಲುಕಿ, ಮಣಿಕಟ್ಟನ್ನು ಒಮ್ಮೆ ಹೊರಳಿಸಿ ನೋಡಿ, ಒಳಗಿನಿಂದ ಒಂದೇ ಒಂದು ಕೋಲು ತಂದು ಮುಂದಿಡುತ್ತಿದ್ದರು. ಎರಡನೆಯದನ್ನು ತೋರಿಸುವ ಪದ್ಧತಿಯೇ ಇಲ್ಲ. “ಇದೇ ಕೋಲಲ್ಲಿ ನಮ್ಮಣ್ಣ ಹೋದ ವರ್ಷ ಒಂಬತ್ತು ಕಿಲೋದ್ದು ಎಳೆದ” ಎಂದು ಒಂದು ಮಾತು ಸೇರಿಸಿಬಿಟ್ಟರೆ ಗಿರಾಕಿ ಮರುಮಾತಿಲ್ಲದೆ ಕೊಂಡು ಹೋಗುತ್ತಿದ್ದ.

ಇಷ್ಟು ಹೇಳಿದ ಮೇಲೆ ನಿಜವನ್ನೂ ಹೇಳಿಬಿಡಬೇಕು. ಮೇಷ್ಟ್ರು ಬರಮುಂಡಿಯನ್ನು ಜೀವಂತವಾಗಿ ನೋಡಿದವರೇ ಅಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬಾಯಿ ತೆರೆದು ಹಾರುತ್ತಿರುವ ಒಂದನ್ನು ಇಪ್ಪತ್ತೆರಡು ವರ್ಷ ದಿನಾ ನೋಡಿದ್ದರು, ಅಷ್ಟೇ. ಅವರ ವಿದ್ಯೆಯೆಲ್ಲ ಬಂದಿದ್ದು ಫೋನಿನಲ್ಲಿ, ಅಣ್ಣನ ಬಾಯಿಂದ.

ಅಣ್ಣ ಇರುವುದು ಬಸ್ಸಿನಲ್ಲಿ ಒಂದು ಹಗಲು ದೂರದ ಅಳಿವೆಯ ದಡದಲ್ಲಿ. ಚಿಕ್ಕವರಿದ್ದಾಗ ಇಬ್ಬರೂ ಮನೆ ಹಿಂದಿನ ಕೊಳಕ್ಕೆ ಕಡ್ಡಿಗೆ ಹೊಲಿಗೆ ದಾರ ಕಟ್ಟಿ ಇಳಿಬಿಟ್ಟು ಕೂರುತ್ತಿದ್ದರು. ಒಂದು ಕಪ್ಪೆಯೂ ಸಿಕ್ಕಿದ್ದಿಲ್ಲ. ಆಗ ಅಣ್ಣ ಮಾತು ಕೊಟ್ಟಿದ್ದ: “ದೊಡ್ಡೋರಾದ ಮೇಲೆ ನಾನೇ ನಿನಗೆ ಬರಮುಂಡಿ ಹಿಡಿಸ್ತೀನಿ ಕಣೋ.” ದೊಡ್ಡವರಾದರು. ಅಣ್ಣ ದೋಣಿ ಕೊಂಡ, ಮೇಷ್ಟ್ರು ಕೌಂಟರಿನ ಹಿಂದೆ ನಿಂತರು. ಬರಮುಂಡಿ ಏರಿ ಬರುವ ತಿಂಗಳುಗಳಲ್ಲೇ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರತಿ ವರ್ಷ ಅಣ್ಣ “ಬಾರೋ” ಎನ್ನುತ್ತಿದ್ದ, ತಮ್ಮ “ಮುಂದಿನ ಸಲ ಖಂಡಿತ” ಎನ್ನುತ್ತಿದ್ದರು. ಅಣ್ಣನ ಬಾಯಿ ಮುಚ್ಚಿಸಲೋ ಎಂಬಂತೆ ಪ್ರತಿ ವರ್ಷ ಒಂದು ಒಳ್ಳೆಯ ಕೋಲನ್ನು ಆರಿಸಿ, ರೀಲು ಸಮೇತ ಅವನಿಗೆ ಪಾರ್ಸೆಲ್ ಮಾಡುತ್ತಿದ್ದರು. ಕೆಲವು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಕ್ಯಾಲೆಂಡರಿನ ಮೀನಿನ ಮುಂದೆ ನಿಂತು, ಖಾಲಿ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು ಬೀಸಿ ನೋಡುತ್ತಿದ್ದರು. ಯಾರಾದರೂ ಬಂದರೆ ಭುಜದ ನೋವು ಎನ್ನುತ್ತಿದ್ದರು.

ಈ ವರ್ಷದ ಫೋನು ಬೇರೆ ತರಹ ಇತ್ತು.

“ಮೊಣಕಾಲು ಕೈ ಕೊಟ್ಟಿದೆ ಕಣೋ. ದೋಣಿ ಮಾರ್ತಾ ಇದ್ದೀನಿ. ತಗೊಳ್ಳೋನು ತಿಂಗಳ ಕೊನೇಲಿ ಬರ್ತಾನೆ. ಅಷ್ಟರೊಳಗೆ ಬಂದ್ರೆ ಬಂದೆ.”

ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಎದೆ ಗಟ್ಟಿ ಮಾಡಿಕೊಂಡು ಅಂಗಡಿಯ ಯಜಮಾನರ ಮುಂದೆ ನಿಂತು, ತೊದಲುತ್ತಾ ರಜೆ ಕೇಳಿದರು. ಯಜಮಾನರು ಕನ್ನಡಕ ಮೇಲೇರಿಸಿ ಅವರನ್ನೇ ನೋಡಿದರು.

“ಐದು ದಿನ ಹೋಗಿ ಬನ್ನಿ, ಅದಕ್ಕೇನಂತೆ. ಅಲ್ರೀ, ಇಷ್ಟು ವರ್ಷ ನೀವು ಒಂದು ಸಲನಾದ್ರೂ ಕೇಳಿದ್ರಾ?”

ಕೇಳಿರಲಿಲ್ಲ. ಕೊಡುವುದಿಲ್ಲ ಎಂದು ತಾವೇ ಅಂದುಕೊಂಡು, ತಮಗೆ ತಾವೇ ಇಲ್ಲ ಎಂದುಕೊಂಡು, ಇಪ್ಪತ್ತೆರಡು ವರ್ಷ ಕಳೆದಿದ್ದರು. ಇದನ್ನು ಯಾರ ಮೇಲೆ ಹಾಕುವುದು?

ಸಂಜೆ ತಮಗೊಂದು ಕೋಲು ಆರಿಸಲು ಹೊರಟರೆ ಕೈಯೇ ಓಡದು. ಗಿಡ್ಡದ್ದು ತೆಗೆದರೆ ಎಸೆತ ದೂರ ಹೋಗುವುದಿಲ್ಲವೇನೋ, ಉದ್ದದ್ದು ತೆಗೆದರೆ ಪೊದೆ ಬೇರುಗಳ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೇನೋ. ಒಂದು ಕೈಯಿಂದ ಇನ್ನೊಂದು ಕೈ ಕುಲುಕಿಯೂ ನೋಡಿಕೊಂಡರು. ಏನೂ ತಿಳಿಯಲಿಲ್ಲ. ಕಡೆಗೆ ಮೂರು ಕೋಲು, ಎರಡು ರೀಲು, ಕೊಕ್ಕೆಗೆ ಸಿಕ್ಕಿಸುವ ಪ್ಲಾಸ್ಟಿಕ್ ಮೀನು ಒಂದು ಡಬ್ಬಿ ತುಂಬ ಹೊತ್ತು ಮನೆಗೆ ಬಂದು, ನಡುಮನೆಯ ತುಂಬ ಹರಡಿಕೊಂಡು ಕೂತರು.

ಹೆಂಡತಿ ಒಗೆದ ಬಟ್ಟೆ ಹಿಡಿದು ಬಂದವಳು ದಾಟಲು ಜಾಗವಿಲ್ಲದೆ ನಿಂತಳು.

“ಊರಿಗೆಲ್ಲ ಬುದ್ಧಿ ಹೇಳೋರಿಗೆ ತಮಗೊಂದು ಕೋಲು ಆರಿಸ್ಕೊಳ್ಳೋಕೆ ಬರಲ್ವಾ? ಎಲ್ಲಿ, ಕೈ ಕೊಡಿ ನೋಡೋಣ.”

ಅವಳು ಥೇಟ್ ಅವರ ಹಾಗೆಯೇ ಕೈ ಕುಲುಕಿ, ಮಣಿಕಟ್ಟು ಹೊರಳಿಸಿ, ಮುಖ ಗಂಭೀರ ಮಾಡಿಕೊಂಡಳು. “ರಸೀದಿ ಹರಿಯೋ ಕೈ ಇದು. ಹೂವಿನಂಗಿದೆ. ತೀರಾ ಹಗುರದ್ದು ತಗೊಳ್ಳಿ.” ಇಬ್ಬರೂ ನಕ್ಕರು. ನಗುತ್ತಲೇ ಅವಳು ಕೇಳಿದಳು: “ಅದಿರಲಿ, ಭಾವನ ಕೈ ಹೇಗಿದೆ ಈಗ?”

ಮೇಷ್ಟ್ರ ನಗು ಅಲ್ಲೇ ನಿಂತಿತು. ಅಪರಿಚಿತರ ಕೈಯನ್ನೆಲ್ಲ ಮುಟ್ಟಿ ನೋಡಿ ಕೊಟ್ಟವರು, ಅಣ್ಣನಿಗೆ ಮಾತ್ರ ಪ್ರತಿ ವರ್ಷ ನೆನಪಿನ ಮೇಲೆ ಕಳಿಸಿದ್ದರು. ಅವರ ನೆನಪಿನಲ್ಲಿದ್ದದ್ದು ಕೊಳದ ದಡದಲ್ಲಿ ತಮ್ಮ ಹೆಗಲ ಮೇಲಿರುತ್ತಿದ್ದ ಕೈ.

ತಕ್ಷಣ ಫೋನು ಹಚ್ಚಿದರು. “ಅಣ್ಣಾ, ಕೈ ಹೇಗಿದೆ ನಿಂದು? ನಾನು ಕಳಿಸಿದ್ರಲ್ಲಿ ಯಾವ ಕೋಲು ಕೈಗೆ ಸರಿ ಕೂರುತ್ತೆ?”

ಆ ಕಡೆ ಅಣ್ಣ ದನಿ ತಗ್ಗಿಸಿದ.

“ಬೈಬೇಡ ಕಣೋ. ನಾನು ಕೋಲು ಹಿಡಿದೋನೇ ಅಲ್ಲ. ಮೊದಲಿಂದ ನಂದು ಬರೀ ಕೈಗಾಳ. ದಾರ ಬೆರಳಿಗೆ ಸುತ್ಕೊಂಡು ಕೂತ್ಕೋತೀನಿ, ಮೀನು ಎಳೆದ್ರೆ ಎಳೀತೀನಿ.”

“ಮತ್ತೆ ಆ ಒಂಬತ್ತು ಕಿಲೋದ್ದು?”

“ಮೀನು ನಿಜ. ಕೋಲು ಸುಳ್ಳು. ನೀನು ಅಷ್ಟು ಆಸೆಯಿಂದ ಹೆಂಗಿದೆ ಅಂತ ಕೇಳ್ತಿದ್ದೆ, ಚೆನ್ನಾಗಿದೆ ಅಂದುಬಿಟ್ಟೆ.”

ಹಾಗಾದರೆ ಅಣ್ಣನ ಹೆಸರಿನಲ್ಲಿ ಅವರು ಮಾರಿದ ಅಷ್ಟೂ ಕೋಲುಗಳು? ಈ ಸಂಗತಿ ಮೀನುಗಳಿಗೆ ತಿಳಿಯದ್ದರಿಂದ ಅವು ಪಾಪ ಗಿರಾಕಿಗಳ ಕೊಕ್ಕೆಗೆ ಸಿಕ್ಕಿಕೊಳ್ಳುತ್ತಲೇ ಇದ್ದವು. ಮೇಷ್ಟ್ರಿಗೆ ನಗಬೇಕೋ ಸಿಟ್ಟಾಗಬೇಕೋ ತೋಚಲಿಲ್ಲ.

“ನಾನು ಕಳಿಸಿದ ಕೋಲುಗಳನ್ನ ಯಾರಿಗಾದ್ರೂ ಕೊಟ್ಟುಬಿಟ್ಯಾ?”

“ಕೊಡ್ತೀನಾ? ಎಲ್ಲ ಇಲ್ಲೇ ಗೋಡೆಗೆ ಒರಗಿಸಿ ಇಟ್ಟಿದ್ದೀನಿ, ಕಾಗದ ಕೂಡ ಬಿಚ್ಚಿಲ್ಲ. ನೀನು ಬಂದ ಮೇಲೆ ನೀನೇ ಮೊದಲು ಎಸೀಬೇಕು ಅಂತ. ಇಪ್ಪತ್ತೆರಡು ಇವೆ. ಹೊಸದೇನೂ ಹೊತ್ಕೊಂಡು ಬರ್ಬೇಡ, ಕೈ ಬೀಸ್ಕೊಂಡು ಬಾ.”

ಮೇಷ್ಟ್ರು ಫೋನು ಇಟ್ಟು, ಹರಡಿದ್ದನ್ನೆಲ್ಲ ಒಂದೊಂದಾಗಿ ಕಟ್ಟಿದರು. ಕಣ್ಣು ಒರೆಸಿಕೊಂಡಿದ್ದನ್ನು ಹೆಂಡತಿ ನೋಡಿಯೂ ನೋಡದವಳಂತೆ ಬಟ್ಟೆ ಮಡಚುತ್ತಿದ್ದಳು.

ಬೆಳಿಗ್ಗೆ ಕೋಲುಗಳನ್ನು ವಾಪಸ್ ಕಪಾಟಿಗೆ ಸೇರಿಸುವಾಗ ಯಜಮಾನರು ಕೇಳಿದರು, “ಏನು ಮೇಷ್ಟ್ರೇ, ಒಂದೂ ಒಪ್ಪಿಗೆಯಾಗಲಿಲ್ವಾ?”

“ಅಲ್ಲೇ ಇಪ್ಪತ್ತೆರಡು ಇವೆಯಂತೆ ಯಜಮಾನ್ರೇ” ಎಂದ ಮೇಷ್ಟ್ರು ಅಲ್ಲೇ ನಿಂತರು. ಈ ಸಲ ತೊದಲಲಿಲ್ಲ. “ಐದು ದಿನ ಸಾಲಲ್ಲ. ತಿಂಗಳ ಕೊನೇವರೆಗೂ ರಜ ಬೇಕು.”